ಜಾಂಗುಲಿಕ ಅಂದ್ರ ಯಾರ್ರಿ?

ಹಾವು ಕಚ್ಚಿದವರನ್ನು ದವಾಖಾನೆಗೆ ತರುವ ಮೊದಲು ನಮ್ಮ ಜನ ಎಲ್ಲೆಲ್ಲಿ ಸುತ್ತಿಸಿ ತರುತ್ತಾರೆ ಎಂಬುದನ್ನು ಬರೆದಿಟ್ಟರೆ ಪ್ರತಿ ಮಳೆಗಾಲಕ್ಕೆ ಒಂದೊಂದು ಪ್ರಸಂಗ ಸಿಗುತ್ತದೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ನಗು ಬರಲು ಹತ್ತು ವರ್ಷ ಬೇಕಾಯಿತು.

ಎಪ್ಪತ್ತರ ದಶಕದಲ್ಲಿ ನಾನು ಬಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಊರುಗಳ ಸರಕಾರಿ ದವಾಖಾನೆಗಳಲ್ಲಿ ಒಂದಾದ ಮೇಲೊಂದರಂತೆ ಮೇಟ್ರನ್ ಆಗಿದ್ದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿಯ ಸನ್ಯಾಸಿನಿಯರು ನನಗೆ ಮೂರು ಸಂಗತಿ ಕಲಿಸಿದ್ದರು: ಹಾಸಿಗೆಯ ಮೂಲೆ ಹೇಗೆ ಮಡಚಬೇಕು, ವೇಳೆಯನ್ನು ನಿಮಿಷದ ಸಮೇತ ಹೇಗೆ ಬರೆಯಬೇಕು, ಸುಳ್ಳನ್ನು ಏಕೆ ಹೇಳಬಾರದು. ಮೂರನ್ನೂ ನಾನು ಕೈಕೆಳಗಿನ ನರ್ಸುಗಳಿಗೆ ಕಲಿಸಿದೆ. ಅವರು ನನಗೆ ‘ಗಡಿಯಾರದವ್ವ’ ಎಂದು ಹೆಸರಿಟ್ಟರು.

ಹಾವು ಕಚ್ಚಿದವರಿಗಾಗಿ ನಾನು ಬೇರೆ ರಿಜಿಸ್ಟರು ಇಟ್ಟಿದ್ದೆ. ಅದರಲ್ಲಿ ಎರಡು ಮುಖ್ಯ ಅಂಕಣ: ‘ಕಚ್ಚಿದ ವೇಳೆ’, ‘ಬಂದ ವೇಳೆ’. ಎರಡರ ನಡುವೆ ಒಂದು ತಾಸಿಗಿಂತ ಕಡಿಮೆ ಇದ್ದರೆ, ವಿಷ ಇಳಿಸುವ ಸೀರಮ್ ಕೊಟ್ಟ ಮೇಲೆ ನಾಗರಹಾವು ಕಚ್ಚಿದವರೂ ಸಾಮಾನ್ಯವಾಗಿ ಎದ್ದು ಮನೆಗೆ ಹೋಗುತ್ತಾರೆ. ಆರೇಳು ತಾಸು ಆಗಿದ್ದರೆ ಅಂಕಣ ತುಂಬುವುದಷ್ಟೇ ನಮ್ಮ ಕೆಲಸ. ಒಂದು ತಾಸಿನೊಳಗೆ ಬಂದ ಒಬ್ಬ ರೋಗಿಯ ಹೆಸರನ್ನಾದರೂ ಆ ರಿಜಿಸ್ಟರಿನಲ್ಲಿ ಬರೆಯಬೇಕು ಎಂಬುದು ನನ್ನ ಸೇವಾವಧಿಯ ಒಂದೇ ಆಸೆಯಾಗಿತ್ತು.

ಆ ಆಸೆಗೆ ಅಡ್ಡ ನಿಂತದ್ದು ಒಂದು ತಗಡಿನ ಬೋರ್ಡು. ಅದರ ಮೇಲೆ ಕೆಂಪು ಅಕ್ಷರದಲ್ಲಿ ‘ಜಾಂಗುಲಿಕ’ ಎಂದು ಬರೆದಿತ್ತು. ಕೆಳಗೆ ಹೆಡೆಯೆತ್ತಿದ ಹಾವಿನ ಚಿತ್ರವಿತ್ತು. ನೋಡಿದರೆ ಸಾರಿನ ಸೌಟಿನಂತೆ ಕಾಣುತ್ತಿತ್ತು. ಬೋರ್ಡಿನ ಒಡೆಯ ಐವತ್ತರ ಪ್ರಾಯದ ಗಂಭೀರ ಮನುಷ್ಯ. ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ನಾಲ್ಕೂ ತಾಲೂಕಿನ ಸಂತೆಗಳಲ್ಲಿ ಸುತ್ತುತ್ತಿದ್ದ. ನನಗೆ ಎಲ್ಲಿಗೆ ವರ್ಗವಾದರೂ ಸಂತೆಯ ಕಟ್ಟೆಯ ಮೇಲೆ ಆ ಸೌಟು ನನಗಿಂತ ಮೊದಲೇ ಹಾಜರಿರುತ್ತಿತ್ತು.

೧. ಇಂಡಿ: ಹತ್ತೊಂಬತ್ತು

ಒಂದು ಸಂಜೆ ಚಕ್ಕಡಿಯಲ್ಲಿ ಒಬ್ಬ ರೈತನನ್ನು ತಂದರು. ಜೊತೆಗೆ ಹದಿನಾಲ್ಕು ಜನ. ಜೋಳದ ಕಣಿಕೆಯ ಹೊರೆ ಎತ್ತುವಾಗ ಮುಂಜಾನೆಯೇ ಹಾವು ಕಚ್ಚಿತ್ತು. ಅಂತರ: ಒಂಬತ್ತು ತಾಸು ಹತ್ತು ನಿಮಿಷ.

ರೋಗಿಯ ಮುಖ ಕೆಂಪಾಗಿತ್ತು. ಕಣ್ಣು, ಮೂಗು ಎರಡೂ ಸುರಿಯುತ್ತಿದ್ದವು. ತುಟಿ ಊದಿ ನಾಲಿಗೆ ಹೊರಗೆ ಬಿದ್ದಿತ್ತು. ಮೈಸೂರು ಕಡೆಯಿಂದ ಆಗಷ್ಟೇ ಬಂದಿದ್ದ ಎಳೆಯ ಡಾಕ್ಟರು ಗಾಬರಿಯಾದರು. “ಸಿಸ್ಟರ್, ಇದ್ಯಾವ ಹಾವು? ನಾಲಿಗೆ ಹೀಗೆ ಊದುತ್ತೆ ಅಂತ ನಾನು ಎಲ್ಲೂ ಓದಿಲ್ವಲ್ಲ!”

ನಾನು ರೋಗಿಯ ತಮ್ಮನನ್ನು ಕೇಳಿದೆ, “ಇಷ್ಟು ಹೊತ್ತು ಎಲ್ಲಿದ್ದಿರಿ?”

“ಜಾಂಗುಲಿಕರ ಕಡೆ ಇದ್ವಿರಿ. ಬೇವಿನ ತಪ್ಪಲಾ ತಿನ್ನಿಸಿದ್ರು. ಕಹಿ ಹತ್ತಿದ್ರ ವಿಷ ಇಲ್ಲಂತ, ಹತ್ತಲಿಲ್ಲಂದ್ರ ಏರೇತಂತ. ನಮ್ಮಣ್ಣ ಕಹಿ ಐತಿ ಅಂದ.”

“ಹಾಗಾದರೆ ವಿಷವಿಲ್ಲ ಎಂದಾಯಿತಲ್ಲ?”

“ಹಂಗಂತ ಬಿಟ್ಟ ಬಿಡಾಕ ಬರತೈತೇನ್ರಿ? ಮೆಣಸಿನಕಾಯಿ ಕೊಟ್ಟು ನೋಡೂಣು ಅಂದ್ರು. ಖಾರ ಐತಿ ಅಂದ. ‘ಅಂವಾ ಅಂಜಿ ಹಂಗಂತಾನ, ಇನ್ನೊಂದು ಕೊಡ್ರಿ’ ಅಂದ್ರು.”

“ಒಟ್ಟು ಎಷ್ಟು ಕೊಟ್ಟಿರಿ?”

ಅವನು ಹಿಂದಿನವರ ಮುಖ ನೋಡಿದ. ಒಬ್ಬ ಮುದುಕ ಜವಾಬ್ದಾರಿಯಿಂದ ಹೇಳಿದ, “ಹತ್ತೊಂಬತ್ತರಿ. ಇಪ್ಪತ್ತನೇದು ಬ್ಯಾಡ ಅಂತ ಅಂವಾ ಕೈಮುಗದ.”

ಕಚ್ಚಿದ ಹಾವನ್ನೂ ಅವರು ಗಡಿಗೆಯಲ್ಲಿ ತಂದಿದ್ದರು. ಬಡಪಾಯಿ ಕೇರೆಹಾವು. ಅದರ ಬಾಯಲ್ಲಿ ಒಂದು ತೊಟ್ಟು ವಿಷವಿರುವುದಿಲ್ಲ. ಗಾಯ ತೊಳೆದು, ರೋಗಿಗೆ ಒಂದು ತಂಬಿಗೆ ಮಜ್ಜಿಗೆ ಕುಡಿಸಿದೆವು. ಅರ್ಧ ತಾಸಿನಲ್ಲಿ ನಾಲಿಗೆ ಒಳಗೆ ಹೋಯಿತು. “ಕಾರಣ ಏನಂತ ಬರೆಯೋದು ಸಿಸ್ಟರ್?” ಎಂದು ಡಾಕ್ಟರು ಕೇಳಿದರು. ನಾನು ಇದ್ದದ್ದನ್ನೇ ಬರೆದೆ: ‘ಮೆಣಸಿನಕಾಯಿ’.

ಮರುದಿನ ನಮ್ಮ ಆಯಾ ಸಂತೆಯಿಂದ ಸುದ್ದಿ ತಂದಳು. “ಜಾಂಗುಲಿಕರು ಅಂಥಾ ವಿಷಾ ಇಳಿಸಿದ್ರಂತ್ರಿ ಬಾಯಾರ. ದವಾಖಾನ್ಯಾಗ ಬರೇ ಮಜ್ಜಿಗಿ ಕೊಟ್ಟು ಅಟ್ಟಿದ್ರಂತ.”

೨. ಸಿಂದಗಿ: ಅರ್ಥ ಕೇಳಬಾರದು

ಸಿಂದಗಿಗೆ ಬಂದ ಮೇಲೆ ನಾನು ಆ ಶಬ್ದದ ಅರ್ಥ ಹುಡುಕಲು ಹೊರಟೆ. ಎದುರಾಳಿಯ ಹೆಸರಾದರೂ ತಿಳಿದಿರಬೇಕಲ್ಲ. ನನಗೆ ಇಂಗ್ಲಿಷ್ ಬರುತ್ತಿತ್ತು, ಔಷಧಿಯ ಚೀಟಿಗೆ ಬೇಕಾದಷ್ಟು ಲ್ಯಾಟಿನ್ ಬರುತ್ತಿತ್ತು. ಸಂಸ್ಕೃತ ಮಾತ್ರ ಬರುತ್ತಿರಲಿಲ್ಲ.

ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ಹೇಳಿದ, “ಅದು ಡಿಗ್ರಿರಿ. ಕಾಶ್ಯಾಗ ಪಾಸಾಗಬೇಕು. ಭಾಳ ಮಂದಿ ನಾಪಾಸ ಆಗ್ತಾರ.” ತಹಸೀಲ್ದಾರ ಕಚೇರಿಯ ಕಾರಕೂನರು, “ಅದು ಅವರ ಅಡ್ಡಹೆಸರ್ರಿ. ನಮ್ಮ ರಿಕಾರ್ಡಿನ್ಯಾಗ ಇರಬೇಕು, ನೋಡ್ತೇನಿ” ಎಂದರು, ಇನ್ನೂ ನೋಡುತ್ತಿದ್ದಾರೆ. ನಮ್ಮ ಕಂಪೌಂಡರು, “ಏನರೆ ಇರಲ್ರಿ, ಓದಿದ್ರ ಎದಿ ಝಲ್ ಅಂತೈತಿ. ನಮ್ಮ ಬೋರ್ಡ ಓದಿದ್ರ ಏನೂ ಆಗೂದಿಲ್ಲ” ಎಂದ. ಅವನ ಮಾತಿನಲ್ಲಿ ಸತ್ಯವಿತ್ತು. ನಮ್ಮ ಬೋರ್ಡಿನ ಮೇಲೆ ‘ಉಗುಳಬಾರದು’ ಎಂದು ಬರೆದಿತ್ತು.

ಕೊನೆಗೆ ಸಂತೆಯ ದಿನ ನಾನೇ ಕೊಡೆ ಹಿಡಿದು ಕಟ್ಟೆಯ ಹತ್ತಿರ ಹೋದೆ. ಜನ ದಾರಿ ಬಿಟ್ಟರು. ಜಾಂಗುಲಿಕ ಎದ್ದು ನಿಂತು ಕೈಮುಗಿದ. ನಡತೆಯಲ್ಲಿ ಅವನಿಗೆ ಕೊರತೆ ಇರಲಿಲ್ಲ.

“ನಿಮ್ಮ ಬೋರ್ಡಿನ ಮೇಲಿನ ಶಬ್ದದ ಅರ್ಥವೇನು?” ಎಂದು ಕೇಳಿದೆ.

“ಅರ್ಥ ಹೇಳಿದ್ರ ಅದರ ಶಕ್ತಿ ಹೋಗತೈತ್ರಿ ಬಾಯಾರ.”

“ಅಂದರೆ ನಿಮಗೂ ಗೊತ್ತಿಲ್ಲ.”

ಜನ ನಕ್ಕರು. ಅವನೂ ನಕ್ಕ. “ನಮ್ಮಪ್ಪನ ಕಾಲದ ಬೋರ್ಡರಿ ಅದು. ಅವಗೂ ಗೊತ್ತಿದ್ದಿಲ್ಲ. ಆದ್ರ ಒಂದ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಇಂಜೆಕ್ಷನ್ ಬಾಟ್ಲಿ ಮ್ಯಾಲ ಇಂಗ್ಲಿಷನ್ಯಾಗ ಬರದಿರತೈತಲ್ಲ, ಅದು ಈ ಮಂದ್ಯಾಗ ಯಾರಿಗರೆ ತಿಳೀತೈತೇನು? ಅದಕ್ಕನಽ ಅದು ಕೆಲಸಾ ಮಾಡತೈತಿ.”

ನಾನು ದವಾಖಾನೆಗೆ ತಿರುಗಿ ಬಂದೆ. ಬಂದವಳೇ ಕಪಾಟು ತೆಗೆದು ಸೀರಮ್ ಬಾಟಲಿಯ ಮೇಲಿನದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅದರಲ್ಲಿ ಎರಡು ಶಬ್ದಗಳ ಅರ್ಥ ನನಗೂ ಗೊತ್ತಿರಲಿಲ್ಲ.

೩. ಮತ್ತೆ ಸಿಂದಗಿ: ಗೋಡೆಯ ಮೇಲಿನ ನಾಗಪ್ಪ

ಸೀರಮ್ ಸಾಲುತ್ತಿಲ್ಲ ಎಂದು ನಾನು ಬಿಜಾಪುರದ ಮೇಲಧಿಕಾರಿಗಳಿಗೆ ಮೂರು ಸಲ ಬರೆದೆ. ಅವರು ಒಂದು ಭಿತ್ತಿಚಿತ್ರ ಕಳಿಸಿದರು. ಆಳೆತ್ತರದ ನಾಗರಹಾವು, ಹೊಳೆಯುವ ಕಣ್ಣು, ಕೆಳಗೆ ‘ಹಾವು ಕಚ್ಚಿದರೆ ತಡಮಾಡದೆ ಸರಕಾರಿ ದವಾಖಾನೆಗೆ ಬನ್ನಿರಿ’ ಎಂಬ ಒಕ್ಕಣೆ. ಸೀರಮ್ಮಿನ ಬದಲು ಹಾವನ್ನು ಕಳಿಸಿದ್ದಾರಲ್ಲ ಎಂದುಕೊಂಡರೂ ಅದನ್ನು ಹೊರಗಿನ ಗೋಡೆಗೆ ನೆಟ್ಟಗೆ ಅಂಟಿಸಿದೆ. ಅಳತೆಪಟ್ಟಿ ಹಿಡಿದೇ ಅಂಟಿಸಿದೆ.

ನಾಗರ ಪಂಚಮಿ ಬಂತು. ಬೆಳಗ್ಗೆ ಬಂದು ನೋಡುತ್ತೇನೆ, ದವಾಖಾನೆಯ ಮುಂದೆ ಐವತ್ತು ಅರವತ್ತು ಹೆಂಗಸರು. ಒಬ್ಬೊಬ್ಬರ ಕೈಯಲ್ಲೂ ತಂಬಿಟ್ಟು, ಜೋಳದ ಅಳ್ಳು, ಹಾಲಿನ ತಂಬಿಗೆ. ನನ್ನ ಎದೆ ತುಂಬಿತು. ಚಿತ್ರ ಕೆಲಸ ಮಾಡಿದೆ, ಜನಕ್ಕೆ ತಿಳಿವಳಿಕೆ ಬಂದಿದೆ ಎಂದುಕೊಂಡೆ.

ಅಷ್ಟರಲ್ಲಿ ಒಬ್ಬಳು ಕೊಬ್ಬರಿ ಬಟ್ಟಲಿನಲ್ಲಿ ಹಾಲು ತೆಗೆದು ನನ್ನ ಭಿತ್ತಿಚಿತ್ರದ ಮೇಲೆ ಸುರಿದಳು. “ದೇವರ ಪಾಲು. ನಮ್ಮಪ್ಪನ ಪಾಲು. ನಮ್ಮಣ್ಣನ ಪಾಲು...”

“ಏನಿದು? ಇದು ಸರಕಾರಿ ಚಿತ್ರ!” ಎಂದೆ.

“ಅದಕ್ಕ ಮತ್ತರಿ ಬಾಯಾರ! ಹುತ್ತಿನ ಮುಂದ ಕೆಸರು ಆಗೇತಿ. ಸರಕಾರದವರು ಛಲೋ ಅನುಕೂಲ ಮಾಡ್ಯಾರ. ನಿಮ್ಮ ಹೆಸರ ಹೇಳ್ರಿ, ನಿಮ್ಮ ಪಾಲೂ ಎರೀತೇನಿ.”

ಡಾಕ್ಟರನ್ನು ಕರೆದೆ. ಅವರು ಗುಂಪನ್ನು ನೋಡಿ, “ಇರಲಿ ಬಿಡಿ ಸಿಸ್ಟರ್, ಇಷ್ಟು ಜನ ದವಾಖಾನೆಗೆ ಎಂದೂ ಬಂದಿರಲಿಲ್ಲ” ಎಂದು ತಂಬಿಟ್ಟು ತಿನ್ನುತ್ತ ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಹಾಲಿನಲ್ಲಿ ನೆಂದು ಕೆಳಗಿನ ಒಕ್ಕಣೆಯಷ್ಟೂ ಕಿತ್ತುಹೋಯಿತು. ಹಾವು ಮಾತ್ರ ಉಳಿಯಿತು. ಮುಂದೆ ಎರಡು ವರ್ಷ ಆ ಗೋಡೆಗೆ ಸುಣ್ಣ ಹಚ್ಚಲು ಊರವರು ಬಿಡಲಿಲ್ಲ.

೪. ಮುದ್ದೇಬಿಹಾಳ: ಕಾಲಿನ ಒಡೆಯರು

ಕೊನೆಗೂ ಅರ್ಥ ತಿಳಿದದ್ದು ಮುದ್ದೇಬಿಹಾಳದಲ್ಲಿ. ಸಂಸ್ಕೃತ ಕಲಿಸಿ ನಿವೃತ್ತರಾಗಿದ್ದ ಆಚಾರ್ಯರೊಬ್ಬರು ಬೆನ್ನಿನ ಮೇಲೆ ಕುರುವಾಗಿ ನಮ್ಮಲ್ಲಿ ಸೇರಿದ್ದರು. ಪಟ್ಟಿ ಬದಲಿಸುವಾಗ ನಾನು ಶಬ್ದದ ವಿಷಯ ಎತ್ತಿದೆ. ಅವರು ನೋವು ಮರೆತು ಎದ್ದು ಕುಳಿತರು.

“ಇಪ್ಪತ್ತೆಂಟು ವರ್ಷ ಕಲಿಸೀನಿ ಬಾಯಾರ. ಒಬ್ಬರೂ ಅರ್ಥ ಕೇಳಲಿಲ್ಲ. ‘ಪರೀಕ್ಷಾಕ್ಕ ಬರ್ತದೇನ್ರಿ’ ಅಂತನಽ ಕೇಳಿದ್ರು. ನೋಡ್ರಿ, ಹಾವು ಹಿಡದು ಆಡಸಾವಗ ‘ಅಹಿತುಂಡಿಕ’ ಅಂತ ಬ್ಯಾರೆ ಶಬ್ದ ಅದ. ‘ಜಾಂಗುಲಿ’ ಅಂದ್ರ ವಿಷದ ವಿದ್ಯಾ. ಅದನ್ನ ಬಲ್ಲಾವ ಜಾಂಗುಲಿಕ. ಅಂದ್ರ ವಿಷವೈದ್ಯ. ಹಾವು ಕಚ್ಚಿದವರಿಗೆ ಮದ್ದು ಕೊಟ್ಟು ಉಳಸಾವ.”

“ಹಾಗಾದರೆ ಆ ಬೋರ್ಡು?”

“ನಿಮ್ಮ ದವಾಖಾನಿ ಬಾಗಿಲಕ್ಕ ಇರಬೇಕು! ಅರ್ಥದ ಪ್ರಕಾರ ಜಾಂಗುಲಿಕ ಅಂದ್ರ ನಿಮ್ಮ ಡಾಕ್ಟರು. ಅರ್ಧಾ ನೀವೂ ಹೌದು.”

ಇಷ್ಟು ಸಂತೋಷ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ. ಇಡೀ ವಾರ್ಡಿಗೆ ಕೇಳುವಂತೆ ಇನ್ನೊಮ್ಮೆ ಹೇಳಿರೆಂದು ಬೇಡಿಕೊಂಡೆ. ಆಚಾರ್ಯರು ಮಂಚದ ಮೇಲಿಂದಲೇ ಉಪನ್ಯಾಸ ಕೊಟ್ಟರು. “ಅರ್ಥ ತಿಳೀದ ಶಬ್ದಕ್ಕ ಕೈಮುಗಿಯೂದು ಕುರಿತನ” ಎಂದು ಮುಗಿಸಿದರು. ಕೈಕಾಲು ಮುರಿದವರೂ ತಲೆದೂಗಿದರು.

ಮೂರನೆಯ ದಿನ ಮಧ್ಯಾಹ್ನ ಹಿತ್ತಲಿನ ಬಚ್ಚಲ ಕಡೆಯಿಂದ ಚೀರಾಟ ಕೇಳಿಸಿತು. “ಅರೇ ದೇವಾ! ಕಚ್ಚಿತು! ಕಚ್ಚಿತು!” ಓಡಿದೆ. ಆಚಾರ್ಯರ ಹೆಬ್ಬೆರಳಿನಲ್ಲಿ ಒಂದು ಹನಿ ರಕ್ತ. ಕಚ್ಚಿದ್ದು ಹುಲ್ಲಿನಲ್ಲಿ ಬಿದ್ದಿದ್ದ ಹಾಲಿನಪುಡಿ ಡಬ್ಬಿಯ ಮುಚ್ಚಳ ಎಂಬುದು ಆಮೇಲೆ ತಿಳಿಯಿತು. ಆ ಹೊತ್ತಿಗೆ ನನಗೂ ಗೊತ್ತಿರಲಿಲ್ಲ. ಡಾಕ್ಟರನ್ನು ಕರೆಯಲು ತಿರುಗಿದೆ. ಆಚಾರ್ಯರು ನನ್ನ ಸೆರಗು ಹಿಡಿದರು. ಅವರ ಮಡಿ, ನನ್ನ ಇಸ್ತ್ರಿ ಎರಡೂ ಕೆಟ್ಟವು.

“ಬಾಯಾರ, ಮೊದಲ ಟಾಂಗಾ ತರಸ್ರಿ.”

“ಎಲ್ಲಿಗೆ?”

“ಇವತ್ತ ಸಂತಿ. ಅಂವಾ ಕಟ್ಟೀ ಮ್ಯಾಲೆ ಕೂತಿರ್ತಾನ.”

“ಆಚಾರ್ಯರೇ, ಮೊನ್ನೆ ನೀವೇ ಅಲ್ಲವೇ ಅರ್ಥ ಹೇಳಿದವರು?”

“ಅರ್ಥ ಶಾಸ್ತ್ರದ್ದರಿ ಬಾಯಾರ,” ಎಂದರು ಆಚಾರ್ಯರು, ಒಂಟಿಗಾಲಿನಲ್ಲಿ ಬಾಗಿಲ ಕಡೆ ಕುಪ್ಪಳಿಸುತ್ತ. “ಕಾಲು ನಂದದ!”

೫. ಬಾಗೇವಾಡಿ: ನಾಲ್ಕನೇ ನಂಬರ್ ಮಂಚ

ನಾನು ಬಸವನ ಬಾಗೇವಾಡಿಗೆ ಬಂದ ವರ್ಷ, ಮಳೆಗಾಲದ ಮೊದಲಲ್ಲೇ ಜಾಂಗುಲಿಕ ನಮ್ಮ ದವಾಖಾನೆಗೆ ಬಂದ. ನಡೆದು ಬರಲಿಲ್ಲ, ಹಗ್ಗದ ಮಂಚದ ಮೇಲೆ ಹೊತ್ತು ತಂದರು. ಬೇವಿನ ಮರ ಹತ್ತಿ ಸೊಪ್ಪು ಕೀಳುವಾಗ ಮೊದಲು ಟೊಂಗೆ ಮುರಿದು, ಆಮೇಲೆ ಕಾಲು ಮುರಿದಿತ್ತು. ಪ್ಲಾಸ್ಟರ್ ಹಾಕಿ ನಾಲ್ಕನೇ ನಂಬರ್ ಮಂಚದಲ್ಲಿ ಮಲಗಿಸಿದೆವು.

“ಮಂತ್ರದಿಂದ ಎಲುಬು ಕೂಡುವುದಿಲ್ಲವೇ?” ಎಂದೆ. ರೋಗಿಯನ್ನು ಹಾಗೆ ಕೇಳಬಾರದು, ಕೇಳಿದೆ.

“ಅದು ಬ್ಯಾರೆ ಡಿಪಾರ್ಟಮೆಂಟರಿ ಬಾಯಾರ,” ಎಂದ.

ವಾರ ಕಳೆದಿರಬೇಕು. ಬೆಳಗ್ಗೆ ಹನ್ನೊಂದರ ಸುಮಾರಿಗೆ ಇಂಗಳೇಶ್ವರದ ಬಸ್ಸು ಸ್ಟ್ಯಾಂಡಿಗೆ ಹೋಗುವುದು ಬಿಟ್ಟು, ಹಾರ್ನ್ ಹೊಡೆಯುತ್ತ ಸೀದಾ ನಮ್ಮ ಅಂಗಳಕ್ಕೆ ಬಂತು. ಇಪ್ಪತ್ತರ ಹೆಣ್ಣುಮಗಳೊಬ್ಬಳನ್ನು ಇಳಿಸಿದರು. ಜೊತೆಗೆ ಗಂಡ, ಅತ್ತೆ, ಮತ್ತು ಬಸ್ಸಿನ ತುಂಬ ಸಲಹೆಗಾರರು. ಕಳೆ ತೆಗೆಯುವಾಗ ನಾಗರಹಾವು ಕಚ್ಚಿತ್ತು. ಹೆಡೆ ಬಿಚ್ಚಿದ್ದನ್ನು ಗಂಡನೇ ಕಂಡಿದ್ದ.

“ಕಚ್ಚಿ ಎಷ್ಟು ಹೊತ್ತಾಯಿತು?”

ಕಂಡಕ್ಟರ್ ಗಡಿಯಾರ ನೋಡಿ ಹೇಳಿದ, “ಹತ್ತೂವರಿಕ್ಕ ಕಚ್ಚಿತಂತ್ರಿ. ಈಗ ಹನ್ನೊಂದ ಎಂಟು.”

ಮೂವತ್ತೆಂಟು ನಿಮಿಷ! ರಿಜಿಸ್ಟರಿನಲ್ಲಿ ಬರೆದು ಅಡಿಗೆರೆ ಎಳೆದೆ. ಇಷ್ಟು ವರ್ಷಗಳಲ್ಲಿ ಇದೇ ಮೊದಲು. “ಶಾಣ್ಯಾರು! ಎಲ್ಲಿಯೂ ಹೋಗದೆ ನೇರವಾಗಿ ಇಲ್ಲಿಗೆ ಬಂದಿರಿ,” ಎಂದು ಅತ್ತೆಯನ್ನು ಹೊಗಳಿದೆ.

“ಮತ್ತ ಎಲ್ಲಿಗ್ಹೋಗೂದ್ರಿ? ಜಾಂಗುಲಿಕರು ಇಲ್ಲೇ ಅದಾರಂತಲ್ಲ. ಎಷ್ಟನೇ ನಂಬರ್ ಖಾಟು?”

ಡಾಕ್ಟರು ಸೀರಮ್ ಸಿದ್ಧಮಾಡಿದರು. ಹುಡುಗಿಯ ರೆಪ್ಪೆಗಳು ಇಳಿಯತೊಡಗಿದ್ದವು, ಮಾತು ತೊದಲುತ್ತಿತ್ತು. ಅತ್ತೆ ಸೊಸೆಯ ಮೇಲೆ ಅಡ್ಡ ಬಿದ್ದಳು. “ಸೂಜಿ ಬ್ಯಾಡ! ಚುಚ್ಚಿದ್ರ ವಿಷಾ ನೆತ್ತಿಗೇರತೈತಿ. ಮೊದಲ ಅವರು ಮಂತ್ರಾ ಊದಲಿ!”

ಗಂಡನ ಕಡೆ ತಿರುಗಿದೆ. “ನೀವಾದರೂ ಹೇಳಿ. ನಿಮ್ಮ ಹೆಂಡತಿ.”

ಅವನು ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ. “ಅವ್ವ ಹೇಳಿದಂಗ್ರಿ,” ಎಂದ.

ಎರಡು ನಿಮಿಷ ವಾದಿಸಿದೆ. ಆ ಎರಡು ನಿಮಿಷದಲ್ಲಿ ರೆಪ್ಪೆಗಳು ಪೂರ್ತಿ ಮುಚ್ಚಿದವು. ಶಬ್ದದ ಅರ್ಥ ಹೇಳುತ್ತ ನಿಂತರೆ ಹುಡುಗಿ ಉಳಿಯುವುದಿಲ್ಲ ಎಂದು ತಿಳಿಯಿತು. ನಾಲ್ಕನೇ ನಂಬರ್ ಮಂಚದ ಹತ್ತಿರ ಹೋದೆ. ಸೇವೆಯಲ್ಲಿ ಅದೊಂದೇ ಸಲ ನಾನು ರೋಗಿಯೊಬ್ಬನಿಗೆ ‘ದಯಮಾಡಿ’ ಎಂದದ್ದು.

ಅವನ ಮುಖ ಬಿಳಿಚಿತು. ಪಿಸುದನಿಯಲ್ಲಿ ಕೇಳಿದ, “ಖರೇ ನಾಗರಹಾವೇನ್ರಿ?”

“ಹೌದು.”

“ಹಂಗಾದ್ರ ನನ್ನ ಕೈಲೆ ಆಗೂದಿಲ್ರಿ ಬಾಯಾರ. ನಂದು ಕೇರೆಹಾವಿಗೆ ಛಲೋ ನಡೀತೈತಿ.”

“ನೀವು ಬರೇ ಊದಿರಿ. ಉಳಿದದ್ದು ನಾವು ನೋಡುತ್ತೇವೆ. ಬಾಟಲಿ ಖಾಲಿಯಾಗುವ ತನಕ ನಿಲ್ಲಿಸಬಾರದು.”

“ಅಷ್ಟ ಉದ್ದದ ಮಂತ್ರ ನನಗ ಬರೂದಿಲ್ಲಲ್ರಿ!”

“ಬಂದದ್ದನ್ನು ಹೇಳಿ.”

ನಾಲ್ವರು ಅವನ ಮಂಚವನ್ನೇ ಎತ್ತಿ ತಂದರು. ಪ್ಲಾಸ್ಟರಿನ ಕಾಲು ಮುಂದೆ ಚಾಚಿ, ಕಣ್ಣು ಮುಚ್ಚಿ, ಅವನು ಶುರುಮಾಡಿದ. ಅತ್ತೆ ಕೈಮುಗಿದು ಅವನ ಮುಖವನ್ನೇ ನೋಡುತ್ತ ನಿಂತಳು. ಸೊಸೆಯ ತೋಳಿನ ಕಡೆ ಅವಳ ಕಣ್ಣು ಹೊರಳಲಿಲ್ಲ. ಡಾಕ್ಟರು ಸೂಜಿ ಏರಿಸಿದರು, ಸೀರಮ್ ಬೆರೆಸಿದ ಸಲಾಯಿನ್ ಬಾಟಲಿ ಹನಿಯತೊಡಗಿತು. ಐದು ನಿಮಿಷದಲ್ಲಿ ಜಾಂಗುಲಿಕನ ಮಂತ್ರ ಮುಗಿಯಿತು. ಅವನು ಒಂದು ಕಣ್ಣು ತೆರೆದು ಬಾಟಲಿ ನೋಡಿದ. ಇನ್ನೂ ಮುಕ್ಕಾಲು ಇತ್ತು. ಕಣ್ಣು ಮುಚ್ಚಿ ಮಗ್ಗಿ ಹಿಡಿದ. ಎರಡರಿಂದ ಆರಂಭಿಸಿ ಗುಂಯ್‌ಗುಡುತ್ತ ಮೇಲೇರಿದ. ಹದಿನೇಳೇಳಲೆ ನೂರಾ ಒಂಬತ್ತು ಎಂದ. “ನೂರಾ ಹತ್ತೊಂಬತ್ತು,” ಎಂದು ನಾನು ಮೆಲ್ಲಗೆ ತಿದ್ದಿದೆ. ಅತ್ತೆ ನನಗೂ ಒಂದು ಕೈಮುಗಿದಳು.

ಸಂಜೆಗೆ ಹುಡುಗಿ ಕಣ್ಣು ತೆರೆದಳು. ನಾಲ್ಕನೆಯ ದಿನ ನಡೆದುಕೊಂಡು ಬಸ್ಸು ಹತ್ತಿದಳು. ಗಂಡ ಮಾತ್ರ ಹಿಂದೆ ಉಳಿದು ನನ್ನೆದುರು ತಕರಾರು ತೆಗೆದ. “ಎಲ್ಲಾ ಛಲೋ ಆತ್ರಿ. ಆದ್ರ ಅವರು ಮಂತ್ರಾ ಹೇಳಾಕತ್ತಾಗ ನೀವು ನಡುವ ಚುಚ್ಚಬಾರದಾಗಿತ್ತು. ತೋಳು ಬಾತೈತಿ.”

ಸುದ್ದಿ ಹಬ್ಬಿತು. ಆ ಮಳೆಗಾಲ ಹಾವು ಕಚ್ಚಿದವರು ಸಂತೆ, ಕಟ್ಟೆ, ಗುಡಿ ಯಾವುದಕ್ಕೂ ಹೋಗಲಿಲ್ಲ. ಸೀದಾ ನಮ್ಮಲ್ಲಿಗೆ ಬಂದರು. ಆಲಮಟ್ಟಿಯ ಕಾಲುವೆ ಕೆಲಸದವರೂ ಬಂದರು. ನಲವತ್ತು ನಿಮಿಷ, ಐವತ್ತೈದು, ನಲವತ್ತೆರಡು. ರಿಜಿಸ್ಟರನ್ನು ತೆರೆದರೆ ನನಗೆ ಹಬ್ಬ. ಒಬ್ಬರೂ ಸಾಯಲಿಲ್ಲ. ಬಂದವರೆಲ್ಲರ ಮೊದಲ ಪ್ರಶ್ನೆ ಒಂದೇ: “ನಾಲ್ಕನೇ ನಂಬರ್ ಖಾಟು ಎಲ್ಲೈತ್ರಿ?”

ಆರು ವಾರಕ್ಕೆ ಪ್ಲಾಸ್ಟರ್ ತೆಗೆದೆವು. ನಾನು ಅವನನ್ನು ಬಿಡಲಿಲ್ಲ. ಕೇಸ್ ಪೇಪರಿನಲ್ಲಿ ‘ನಡೆಯುವ ಅಭ್ಯಾಸ’ ಎಂದು ಬರೆದೆ, ಅಂಗಳದಲ್ಲಿ ದಿನಾ ಹತ್ತು ಹೆಜ್ಜೆ ನಡೆಸಿ ಅದನ್ನು ನಿಜ ಮಾಡಿದೆ. ಅವನ ಹೆಂಡತಿ ಬಂದು ಜಗಳ ತೆಗೆದಳು: “ನನ್ನ ಗಂಡನ್ನ ಯಾಕ ಇಟಗೊಂಡ ಕುಂತೀರಿ ಬಾಯಾರ? ನಿಮಗ ಯಾರೂ ಇಲ್ಲೇನು?” ಅದನ್ನೂ ಸಹಿಸಿದೆ. ಬಿಜಾಪುರದಿಂದ ತಪಾಸಣೆಗೆ ಬಂದ ಸಾಹೇಬರು ಪಟ್ಟಿ ನೋಡಿ ಹುಬ್ಬೇರಿಸಿದರು. “ಕಾಲು ಮುರಿದ ರೋಗಿ ಮೂರು ತಿಂಗಳಿಂದ ಮಂಚ ಹಿಡಿದಿದ್ದಾನಲ್ಲ?” ಡಾಕ್ಟರು ಕಿಟಕಿಯ ಹೊರಗೆ ನೋಡಿದರು. ಸುಳ್ಳು ಹೇಳುವುದು ನನಗೆ ಆಗುವುದಿಲ್ಲ. “ಅವನು ರೋಗಿಯಲ್ಲ ಸರ್, ಸಲಕರಣೆ,” ಎಂದೆ.

ಮಳೆ ನಿಂತಿತು, ಹಾವುಗಳು ಬಿಲ ಸೇರಿದವು. ಒಂದು ಬೆಳಗ್ಗೆ ಅವನ ಡಿಸ್ಚಾರ್ಜ್ ಚೀಟಿ ಬರೆದು, ಸಹಿ ಹಾಕಿ, ವೇಳೆಯನ್ನೂ ನಮೂದಿಸಿದೆ. ಅವನು ರುಮಾಲು ಸುತ್ತಿಕೊಂಡು ಬಂದು ನನ್ನ ಮೇಜಿನ ಮುಂದಿನ ಕುರ್ಚಿಯಲ್ಲಿ ಕುಳಿತ. ಮೊದಲಾಗಿದ್ದರೆ ನಿಂತಿರುತ್ತಿದ್ದ.

“ತಂಗಿ,” ಎಂದ. ಅಲ್ಲಿಯವರೆಗೆ ನಾನು ‘ಬಾಯಾರ’ ಆಗಿದ್ದೆ. “ನಿನ್ನ ಮುಂದ ಖರೇ ಹೇಳ್ತೇನಿ. ಇಷ್ಟ ವರ್ಷ ನನ್ನ ವಿದ್ಯಾದ ಮ್ಯಾಲ ನನಗನಽ ಅನುಮಾನ ಇತ್ತು. ಕೆಲವೊಬ್ಬರು ಉಳೀತಿದ್ರು, ಕೆಲವೊಬ್ಬರು ಹೋಗ್ತಿದ್ರು. ಇಲ್ಲಿ ಬಂದ ಮ್ಯಾಲ ನಾ ಊದಿದ್ದು ಒಂದ ಜೀವಾನೂ ಹೋಗಿಲ್ಲ. ಖರೇ ನಾಗರಹಾವೂ ಇಳೀತು. ಈಗ ನನಗ ಖಾತ್ರಿ ಆತು.”

“ಏನು ಖಾತ್ರಿಯಾಯಿತು?”

“ಶಕ್ತಿ ಐತಿ ಅಂತ.” ಅವನು ಮುಂದೆ ಬಾಗಿ, ಹಿರಿಯಣ್ಣನ ಪ್ರೀತಿಯಿಂದ ದನಿ ತಗ್ಗಿಸಿದ. “ಡಾಕ್ಟರಗ ಹೇಳವ್ವಾ, ಆ ಸೂಜಿ ಇನ್ನ ಬಿಡ್ರಿ ಅಂತ. ಸುಮ್ಸುಮ್ನ ಮಂದಿಗೆ ಯಾಕ ನೋವು? ನಾನೂ ಊರೂರಿಗೆ ಹೋಗಿ ಅದನ್ನ ಹೇಳಾವದೇನಿ.”

ನಾನು ಚೀಟಿಯನ್ನು ಅವನ ಕೈಯಿಂದ ಹಿಂದಕ್ಕೆ ತೆಗೆದುಕೊಂಡೆ. ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದೆ.

“ಹೋಗಿ ಮಲಗಿ,” ಎಂದೆ. “ನಿಮ್ಮ ಕಾಲು ಇನ್ನೂ ವಾಸಿಯಾಗಿಲ್ಲ.”